ಗರ್ಭನಾಳ, ಗರ್ಭಕೋಶ ಮತ್ತು ಶೈತ್ಯ: ಐವಿಎಫ್‌ನ ಒಂದು ಹಳೆಯ ಪ್ರಶ್ನೆಯ ಚರಿತ್ರೆ

ಐವಿಎಫ್ ಎಂದು ಇಂದು ಮನೆಮಾತಾಗಿರುವ ಪ್ರನಾಳ ಶಿಶು ಚಿಕಿತ್ಸೆ ಹುಟ್ಟಿಕೊಂಡದ್ದೇ ಗರ್ಭನಾಳ ಕೆಟ್ಟಿದ್ದ ಹೆಂಗಸರಿಗಾಗಿ. ಅಂಡಾಶಯದಿಂದ ಹೊರಬಂದ ಅಂಡವು ವೀರ್ಯಾಣುವನ್ನು ಕೂಡುವುದು ಈ ಸಪೂರ ನಾಳದಲ್ಲಿ. ಅಲ್ಲಿ ರೂಪುಗೊಂಡ ಭ್ರೂಣ ಕೆಲವು ದಿನಗಳಲ್ಲಿ ಗರ್ಭಕೋಶಕ್ಕೆ ಇಳಿದು ಅದರ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಸೋಂಕಿನಿಂದಲೋ ಹಿಂದಿನ ಶಸ್ತ್ರಚಿಕಿತ್ಸೆಯಿಂದಲೋ ನಾಳದ ಒಳಮೈ ಹಾಳಾಗಿದ್ದರೆ ಭ್ರೂಣ ದಾರಿಯಲ್ಲೇ ಸಿಕ್ಕಿಕೊಂಡು ಅಲ್ಲಿಯೇ ಬೆಳೆಯತೊಡಗಬಹುದು. ವೈದ್ಯರು ಎಕ್ಟೋಪಿಕ್ ಗರ್ಭ ಎಂದೂ ಜನ ಟ್ಯೂಬಿನಲ್ಲಿ ನಿಂತ ಗರ್ಭ ಎಂದೂ ಕರೆಯುವ ಈ ಸ್ಥಿತಿಯಲ್ಲಿ ಮಗು ಉಳಿಯುವುದಿಲ್ಲ. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ತಾಯಿಯ ಜೀವಕ್ಕೂ ಕುತ್ತು ಬರುತ್ತದೆ. 1883ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಶಸ್ತ್ರವೈದ್ಯ ಲಾಸನ್ ಟೇಟ್ ಒಡೆದ ನಾಳವನ್ನು ತೆಗೆದುಹಾಕಿ ರೋಗಿಯನ್ನು ಉಳಿಸಿದ ಮೇಲೆಯೇ ಇದಕ್ಕೆ ನೆಚ್ಚಬಹುದಾದ ಚಿಕಿತ್ಸೆಯೊಂದಿದೆ ಎಂಬ ಭರವಸೆ ವೈದ್ಯಲೋಕದಲ್ಲಿ ಮೂಡಿತು. ಮುಂದಿನ ನೂರು ವರ್ಷಗಳಲ್ಲಿ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮತ್ತು ಮೆಥೊಟ್ರೆಕ್ಸೇಟ್ ಎಂಬ ಔಷಧ ಬಂದು ಬಹುಪಾಲು ಹೆಂಗಸರು ಬದುಕುಳಿಯುವಂತಾದ ಮೇಲೆ, ಉಳಿದವಳು ಮತ್ತೆ ತಾಯಿಯಾಗುವುದು ಹೇಗೆ ಎಂಬ ಪ್ರಶ್ನೆ ಮುಂದೆ ಬಂತು.

ನಾಳವನ್ನೇ ಬಳಸದೆ, ಅಂಡವನ್ನು ಹೊರತೆಗೆದು ಪ್ರಯೋಗಶಾಲೆಯಲ್ಲಿ ಫಲಿತಗೊಳಿಸಿ, ಭ್ರೂಣವನ್ನು ನೇರವಾಗಿ ಗರ್ಭಕೋಶದೊಳಗೆ ಬಿಟ್ಟರೆ ತೊಂದರೆ ನೀಗಬೇಕು ಎಂಬುದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಪಟ್ಟಣದಲ್ಲಿ ದುಡಿಯುತ್ತಿದ್ದ ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೊ ಮತ್ತು ಜೀನ್ ಪರ್ಡಿ ಅವರ ಎಣಿಕೆಯಾಗಿತ್ತು. ಆದರೆ ಹಲವು ವರ್ಷಗಳ ವಿಫಲ ಪ್ರಯತ್ನಗಳ ನಂತರ ಅವರು ಕಂಡ ಮೊದಲ ಗರ್ಭ, 1976ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾದ ಗರ್ಭ, ನಾಳದಲ್ಲಿಯೇ ನಿಂತಿತ್ತು, ಅದನ್ನು ತೆಗೆಯಬೇಕಾಯಿತು. ಗರ್ಭಕೋಶದೊಳಗೆ ಬಿಟ್ಟ ಭ್ರೂಣ ತಕ್ಷಣ ಅಂಟಿಕೊಳ್ಳದೆ ಅಲ್ಲಿ ಅಲೆದಾಡುತ್ತದೆ, ಗರ್ಭಕೋಶದ ಸ್ನಾಯುಗಳ ಸಣ್ಣ ಸಂಕೋಚನಗಳು ಅದನ್ನು ಮೇಲಕ್ಕೆ, ನಾಳದ ಬಾಯಿಗೆ ತಳ್ಳಬಹುದು ಎಂಬ ತಿಳಿವಳಿಕೆ ಈ ಸೋಲಿನಿಂದ ಬೆಳೆಯಿತು. ನಾಳದ ದೋಷವನ್ನು ದಾಟಲು ಕಟ್ಟಿದ ವಿದ್ಯೆಗೆ ಸಿಕ್ಕ ಮೊದಲ ಫಲವೇ ನಾಳದ ಪಾಲಾದದ್ದನ್ನು ಐವಿಎಫ್‌ನ ಜನಪ್ರಿಯ ಚರಿತ್ರೆಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಅದಕ್ಕೆ ಸಲ್ಲಬೇಕಾದ ಜಾಗ ಇನ್ನೂ ದೊಡ್ಡದು.

ಆ ವರ್ಷಗಳ ಸೋಲುಗಳಿಗೆ ಇನ್ನೊಂದು ಕಾರಣವೂ ಇತ್ತು. ಒಂದೇ ಋತುಚಕ್ರದಲ್ಲಿ ಹೆಚ್ಚು ಅಂಡಗಳು ಸಿಗಲೆಂದು ಚುಚ್ಚುಮದ್ದು ಕೊಟ್ಟು ಅಂಡಾಶಯವನ್ನು ಪ್ರಚೋದಿಸಿದರೆ ದೇಹದಲ್ಲಿ ಹಾರ್ಮೋನುಗಳು ಸಹಜ ಮಟ್ಟಕ್ಕಿಂತ ಬಹಳ ಮೇಲೇರುತ್ತವೆ. ಗರ್ಭಕೋಶದ ಒಳಪದರ ಭ್ರೂಣವನ್ನು ಬರಮಾಡಿಕೊಳ್ಳುವ ಹದ ಅದರಿಂದ ತಪ್ಪುತ್ತದೆ. ಓಲ್ಡ್‌ಹ್ಯಾಮ್ ತಂಡ ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಚುಚ್ಚುಮದ್ದನ್ನೇ ಕೈಬಿಟ್ಟು ಸಹಜ ಚಕ್ರದ ಒಂದೇ ಅಂಡವನ್ನು ನೆಚ್ಚಿಕೊಳ್ಳುವುದು. ನಾಳಗಳು ಮುಚ್ಚಿಹೋಗಿದ್ದ ಲೆಸ್ಲಿ ಬ್ರೌನ್ 1978ರ ಜುಲೈ 25ರಂದು ಲೂಯಿಸ್ ಬ್ರೌನಳನ್ನು ಹೆತ್ತದ್ದು ಈ ಮಾರ್ಗದಿಂದ.

ಅದೇ ತೊಡಕಿಗೆ ಕೋಲ್ಕತ್ತದ ವೈದ್ಯ ವಿಜ್ಞಾನಿ ಸುಭಾಷ್ ಮುಖರ್ಜಿ ಕೊಟ್ಟ ಉತ್ತರ ಬೇರೆಯಾಗಿತ್ತು, ದೂರದೃಷ್ಟಿಯಲ್ಲಿ ಅದು ಓಲ್ಡ್‌ಹ್ಯಾಮ್‌ನ ಉತ್ತರವನ್ನು ಮೀರಿಸಿತ್ತು. ನಾಳಗಳು ಹಾಳಾಗಿದ್ದ ಒಬ್ಬ ಮಹಿಳೆಗೆ ಅವರು ಹಾರ್ಮೋನು ಕೊಟ್ಟು ಹಲವು ಅಂಡಗಳನ್ನು ಪಡೆದರು. ಫಲಿತಗೊಂಡ ಭ್ರೂಣಗಳನ್ನು, ಮಂಜಿನ ಹರಳುಗಳು ಜೀವಕೋಶವನ್ನು ಸೀಳದಂತೆ ಕಾಯುವ ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ರಾಸಾಯನಿಕದಲ್ಲಿಟ್ಟು ಶೈತ್ಯೀಕರಿಸಿದರು. ಚುಚ್ಚುಮದ್ದಿನ ಪ್ರಭಾವ ಇಳಿದ ಮೇಲೆ, 53 ದಿನಗಳ ನಂತರ, ಸಹಜ ಚಕ್ರವೊಂದರಲ್ಲಿ ಅವುಗಳನ್ನು ಗರ್ಭಕೋಶಕ್ಕೆ ಸೇರಿಸಿದರು ಎಂದು ಅವರ ದಾಖಲೆಗಳು ಹೇಳುತ್ತವೆ. ಈ ಕೆಲಸದಲ್ಲಿ ಅವರ ಜೊತೆಗಿದ್ದವರು ಶೈತ್ಯವಿಜ್ಞಾನ ಬಲ್ಲ ಸುನೀತ್ ಮುಖರ್ಜಿ ಮತ್ತು ಸ್ತ್ರೀರೋಗ ತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ. 1978ರ ಅಕ್ಟೋಬರ್ 3ರಂದು, ದುರ್ಗಾ ಪೂಜೆಯ ದಿನಗಳಲ್ಲಿ ಹುಟ್ಟಿದ ಮಗು ದುರ್ಗಾ ಎಂಬ ಹೆಸರಿನಿಂದ ದೇಶಕ್ಕೆ ಪರಿಚಯವಾಯಿತು.

ಸುಭಾಷ್ ಮುಖರ್ಜಿ ಅವರಿಗೆ ದೊರೆತದ್ದು ಅವಮಾನ. ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ, ಜಪಾನಿನಲ್ಲಿ ತಮ್ಮ ಕೆಲಸವನ್ನು ಮಂಡಿಸಲು ಹೋಗುವುದಕ್ಕೆ ಅನುಮತಿ ಸಿಗಲಿಲ್ಲ, ಕೊನೆಗೆ ಅವರ ವಿಷಯಕ್ಕೆ ಸಂಬಂಧವೇ ಇಲ್ಲದ ನೇತ್ರ ಚಿಕಿತ್ಸಾ ಸಂಸ್ಥೆಗೆ ವರ್ಗವಾಯಿತು. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. ಭಾರತದ ಮೊದಲ ಪ್ರನಾಳ ಶಿಶು 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಹರ್ಷ ಎಂದೇ ಬಹುಕಾಲ ಬರೆಯಲಾಗುತ್ತಿತ್ತು. ಆ ಸಾಧನೆಯಲ್ಲಿ ವೈದ್ಯೆ ಇಂದಿರಾ ಹಿಂದುಜಾ ಅವರ ಜೊತೆಗಾರರಾಗಿದ್ದ ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್ ಅವರೇ ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ, ಮೊದಲಿಗರೆಂಬ ಗೌರವ ತಮ್ಮ ತಂಡಕ್ಕಲ್ಲ, ಕೋಲ್ಕತ್ತಕ್ಕೆ ಸಲ್ಲಬೇಕೆಂದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಬರೆದರು. ಭಾರತೀಯ ವಿಜ್ಞಾನದಲ್ಲಿ ಇಷ್ಟು ನಿಸ್ವಾರ್ಥವಾದ ಬರಹಗಳು ವಿರಳ.

ಹೊರದೇಶಗಳಲ್ಲಿ ಭ್ರೂಣದ ಶೈತ್ಯೀಕರಣ ಬೇರೆ ಉದ್ದೇಶದಿಂದ ಬೆಳೆಯಿತು. 1972ರಲ್ಲಿ ವಿಟಿಂಗ್‌ಹ್ಯಾಮ್, ಲೀಬೊ ಮತ್ತು ಮೇಜರ್ ಇಲಿಯ ಭ್ರೂಣಗಳನ್ನು ಬಹಳ ನಿಧಾನವಾಗಿ ತಣಿಸಿ, ಮತ್ತೆ ಬೆಚ್ಚಗಾಗಿಸಿ, ಜೀವಂತ ಮರಿಗಳನ್ನು ಪಡೆದಿದ್ದರು. ಮೆಲ್ಬರ್ನ್‌ನ ಅಲನ್ ಟ್ರೌನ್ಸನ್ ಮತ್ತು ಲಿಂಡಾ ಮೋರ್ 1983ರಲ್ಲಿ ಶೈತ್ಯೀಕರಿಸಿದ ಮಾನವ ಭ್ರೂಣದಿಂದ ಗರ್ಭ ನಿಂತದ್ದನ್ನು ವರದಿ ಮಾಡಿದರು; ಅದು ಉಳಿಯಲಿಲ್ಲ, ಮರುವರ್ಷ ಅದೇ ನಗರದಲ್ಲಿ ಜೋಯಿ ಎಂಬ ಹೆಣ್ಣುಮಗು ಹುಟ್ಟಿತು. ಅಲ್ಲಿಂದ ಸುಮಾರು ಇಪ್ಪತ್ತೈದು ವರ್ಷ ಫ್ರೋಜನ್ ಭ್ರೂಣವೆಂದರೆ ಉಳಿಕೆಯ ಭ್ರೂಣ. ಒಳ್ಳೆಯದನ್ನು ಅಂಡ ತೆಗೆದ ಮೂರರಿಂದ ಐದು ದಿನಗಳೊಳಗೆ ತಾಜಾ ಆಗಿಯೇ ಗರ್ಭಕೋಶಕ್ಕೆ ಸೇರಿಸಿ, ಮಿಕ್ಕದ್ದನ್ನು ಮುಂದಕ್ಕೆಂದು ತೆಗೆದಿಡುತ್ತಿದ್ದರು. ನಿಧಾನ ಶೈತ್ಯೀಕರಣದಲ್ಲಿ ಗಣನೀಯ ಸಂಖ್ಯೆಯ ಭ್ರೂಣಗಳು ನಾಶವಾಗುತ್ತಿದ್ದುದರಿಂದ ಆ ಕ್ರಮ ವಿವೇಕದ್ದೇ ಆಗಿತ್ತು. ಗರ್ಭಕೋಶದ ಹಿತಕ್ಕಾಗಿಯೇ ಭ್ರೂಣವನ್ನು ತಡೆದಿಡಬೇಕೆಂಬ ಮುಖರ್ಜಿಯವರ ತರ್ಕಕ್ಕೆ ಬೇಕಾದ ಸಾಧನ ಆಗಿನ್ನೂ ಸಿದ್ಧವಾಗಿರಲಿಲ್ಲ.

ಆ ಸಾಧನದ ಹೆಸರು ವಿಟ್ರಿಫಿಕೇಷನ್. ದ್ರವದಲ್ಲಿ ಹರಳು ಕಟ್ಟುವುದಕ್ಕೆ ಅವಕಾಶವನ್ನೇ ಕೊಡದೆ ಅದನ್ನು ಗಾಜಿನಂಥ ಘನವಾಗಿಸುವ ಈ ವಿಧಾನವನ್ನು 1985ರಲ್ಲಿ ರಾಲ್ ಮತ್ತು ಫಾಹಿ ಇಲಿಯ ಭ್ರೂಣಗಳ ಮೇಲೆ ಸಾಧಿಸಿ ತೋರಿಸಿದರು, ಜಪಾನಿನ ಮಸಾಶಿಗೆ ಕುವಾಯಾಮ ಅದನ್ನು ಆಸ್ಪತ್ರೆಯ ದಿನನಿತ್ಯದ ಕೆಲಸಕ್ಕೆ ಒಗ್ಗಿಸಿದರು. ಇಲ್ಲಿ ಭ್ರೂಣತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಭ್ರೂಣವನ್ನು ಗಾಢ ರಕ್ಷಕ ದ್ರಾವಣದಲ್ಲಿ ಅದ್ದಿ, ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ತುದಿಗೆ ಏರಿಸಿ, ಸುತ್ತಲಿನ ದ್ರವವನ್ನು ಬಹುಪಾಲು ಹೀರಿ ತೆಗೆದು, ಅತಿ ಚಿಕ್ಕ ಹನಿಯೊಂದಿಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸುತ್ತಾರೆ. ನಿಧಾನ ಶೈತ್ಯೀಕರಣದ ಹಳೆಯ ಯಂತ್ರ ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿದ್ದ ತಣಿಸುವ ಕೆಲಸ ಇಲ್ಲಿ ಕ್ಷಣದಲ್ಲಿ ಮುಗಿಯುತ್ತದೆ, ಬೆಚ್ಚಗಾಗಿಸಿದಾಗ ಹೆಚ್ಚಿನ ಭ್ರೂಣಗಳು ಉಳಿಯುತ್ತವೆ.

ಇದರ ಬಲದಿಂದ ಎಲ್ಲ ಭ್ರೂಣಗಳನ್ನೂ ತೆಗೆದಿಟ್ಟು ಮುಂದಿನ ಚಕ್ರದಲ್ಲಿ ಸೇರಿಸುವ ಕ್ರಮ 2010ರ ನಂತರ ವೇಗವಾಗಿ ಹರಡಿತು, ಸ್ವಲ್ಪ ಅತಿಯಾಗಿಯೂ ಹರಡಿತು. 2016ರಲ್ಲಿ ಚೀನಾದ 1508 ಮಹಿಳೆಯರ ಅಧ್ಯಯನದಲ್ಲಿ, ಅಂಡಾಶಯದಲ್ಲಿ ಹಲವು ಸಣ್ಣ ಕೋಶಗಳಿರುವ ಪಿಸಿಒಎಸ್ ತೊಂದರೆಯವರಿಗೆ ಫ್ರೋಜನ್ ಮಾರ್ಗದಿಂದ ಹೆರಿಗೆಯ ಪ್ರಮಾಣ 42ರಿಂದ 49.3 ಪ್ರತಿಶತಕ್ಕೆ ಏರಿತು. ಆದರೆ 2018ರಲ್ಲಿ ಆ ತೊಂದರೆ ಇಲ್ಲದವರ ಮೇಲೆ ಚೀನಾ ಮತ್ತು ವಿಯೆಟ್ನಾಂಗಳಲ್ಲಿ ನಡೆದ ದೊಡ್ಡ ಅಧ್ಯಯನಗಳಲ್ಲಿ ಎರಡು ಮಾರ್ಗಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2016ರ ಅಧ್ಯಯನದಲ್ಲೇ ಫ್ರೋಜನ್ ಗುಂಪಿನ ಬಸುರಿಯರಿಗೆ ರಕ್ತದೊತ್ತಡ ಏರುವ ಪ್ರೀಎಕ್ಲಾಂಪ್ಸಿಯಾ ಹೆಚ್ಚು ಕಂಡಿತ್ತು.

ನಾಳದ ಗರ್ಭದ ಮಟ್ಟಿಗೆ ಪುರಾವೆ ಬೇರೆ ದಿಕ್ಕಿನಿಂದ ಬಂತು. ಜಪಾನಿನ ರಾಷ್ಟ್ರೀಯ ನೋಂದಣಿಯನ್ನು ಆಧರಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಐದನೆಯ ದಿನದ ಆಸುಪಾಸಿಗೆ ಬೆಳೆದ, ಬ್ಲಾಸ್ಟೊಸಿಸ್ಟ್ ಎಂದು ಕರೆಯುವ ಭ್ರೂಣವನ್ನು ಶೈತ್ಯೀಕರಿಸಿ ಸೇರಿಸಿದಾಗ ಅದು ನಾಳದಲ್ಲಿ ನಿಲ್ಲುವ ಸಂಭವ ಕಡಿಮೆಯೆಂದು ಕಂಡಿತು. ಅಮೆರಿಕದ ವಿಶ್ಲೇಷಣೆಗಳೂ ಅದೇ ಕಡೆ ಬೆರಳು ತೋರಿದವು. ಹಾರ್ಮೋನುಗಳ ಏರಿಳಿತ ತಗ್ಗಿದಾಗ ಗರ್ಭಕೋಶದ ಸಂಕೋಚನ ಶಾಂತವಾಗುತ್ತದೆ, ಒಳಪದರದ ಹದವೂ ಭ್ರೂಣದ ವಯಸ್ಸಿಗೆ ಹೊಂದುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಇವು ದಾಖಲೆಗಳನ್ನು ಹಿಂದಿರುಗಿ ನೋಡಿ ಕಂಡ ಸಂಬಂಧಗಳಾದ್ದರಿಂದ, ಒಮ್ಮೆ ನಾಳದ ಗರ್ಭವನ್ನು ಕಳೆದುಕೊಂಡವಳಿಗೆ ಫ್ರೋಜನ್ ಮಾರ್ಗವೊಂದೇ ಸರಿ ಎಂದು ಅವುಗಳ ಆಧಾರದ ಮೇಲೆ ವಿಧಿಸಲಾಗದು. ವಯಸ್ಸು, ಸಿಕ್ಕ ಅಂಡಗಳ ಸಂಖ್ಯೆ, ನಾಳದಲ್ಲಿ ನೀರು ತುಂಬಿದೆಯೇ ಎಂಬುದು ಎಲ್ಲವೂ ತೂಕಕ್ಕೆ ಬರುತ್ತವೆ. ಭ್ರೂಣಗಳು ಮೊದಲೇ ಶೈತ್ಯದಲ್ಲಿದ್ದು, ಮೆಥೊಟ್ರೆಕ್ಸೇಟ್ ಪಡೆದು ಸುಮಾರು ಮೂರು ತಿಂಗಳು ಕಾಯಬೇಕಾದವಳಿಗೆ ಮಾತ್ರ ಅನುಕೂಲ ಸ್ಪಷ್ಟ, ಏಕೆಂದರೆ ಮತ್ತೆ ಅಂಡ ತೆಗೆಸಿಕೊಳ್ಳುವ ಕಷ್ಟ ಅವಳಿಗಿಲ್ಲ. ಭಾರತದಲ್ಲಿ 2021ರ ಕಾಯ್ದೆ ಭ್ರೂಣಗಳನ್ನು ಗರಿಷ್ಠ 10 ವರ್ಷ ಇಡಲು ಅವಕಾಶ ಕೊಟ್ಟಿದೆ. ಎರಡೂ ನಾಳಗಳನ್ನು ತೆಗೆಸಿಕೊಂಡವರಲ್ಲೂ ಗರ್ಭಕೋಶದ ಗೋಡೆಯೊಳಗೆ ಉಳಿದ ನಾಳದ ಬುಡದಲ್ಲಿ ಭ್ರೂಣ ನಿಂತ ಪ್ರಸಂಗಗಳು ದಾಖಲಾಗಿರುವುದರಿಂದ, ತಾಜಾ ಇರಲಿ ಫ್ರೋಜನ್ ಇರಲಿ, ಇಂಥವರ ಮುಂದಿನ ಗರ್ಭದಲ್ಲಿ ಆರನೆಯ ವಾರದ ಹೊತ್ತಿಗೆ ಸ್ಕ್ಯಾನ್ ಮಾಡಿಸಿ ಭ್ರೂಣ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳುವ ಕ್ರಮವನ್ನು ವೈದ್ಯರು ಬಿಡುವುದಿಲ್ಲ.