ಒಂದು ಸೊಪ್ಪು, ಎರಡು ನಾಡು

ಮಾಘಮಾಸದಲ್ಲಿ ನೀವು ನಿಪ್ಪಾಣಿಗೆ ಹೋಗಿದ್ದೀರಾ? ಬಸ್ಸಿನಿಂದ ಇಳಿಯುವ ಮೊದಲೇ ಊರು ತನ್ನ ಕಸುಬನ್ನು ನಿಮ್ಮ ಮೂಗಿಗೆ ತಿಳಿಸುತ್ತದೆ. ಹೊಲದಲ್ಲಿ ಒಣಗುವ ಹೊಗೆಸೊಪ್ಪು, ಗಾಡಿಯಲ್ಲಿ ಬರುವ ಹೊಗೆಸೊಪ್ಪು, ವಖಾರಿಗಳಲ್ಲಿ ಪುಡಿಯಾಗುವ ಹೊಗೆಸೊಪ್ಪು. ಅಲ್ಲಿಂದ ಪೂರ್ವಕ್ಕೆ ಚಿಕ್ಕೋಡಿಯ ದಾರಿ ಹಿಡಿದು ಕೃಷ್ಣೆಯ ಕಡೆಗೆ ಸಾಗಿದರೆ ರಾಯಬಾಗ, ಕಾಗವಾಡಗಳ ಸೀಮೆಯಲ್ಲಿ ಕಬ್ಬಿನ ಹಸುರು ಎರಡೂ ಬದಿಗೆ ನಿಲ್ಲುತ್ತದೆ. ಇನ್ನೂ ಮುಂದೆ ಅಥಣಿಯ ಕಡೆ ಹೋದಂತೆ ಆಕಾಶ ದೊಡ್ಡದಾಗುತ್ತದೆ, ಮರಗಳು ವಿರಳವಾಗುತ್ತವೆ, ಜೋಳದ ಹೊಲ ಮತ್ತು ಕುರಿಯ ಹಿಂಡುಗಳು ಕಾಣುತ್ತವೆ. ಒಂದೇ ಬೆಳಗಾವಿ ಜಿಲ್ಲೆಯ ಉತ್ತರದ ಅಂಚು. ಒಂದೇ ಹೊತ್ತಿನ ಪ್ರಯಾಣ. ಆದರೆ ಮೂರು ಬಗೆಯ ಬದುಕು. ಇದಕ್ಕೆ ಕಾರಣವೇನು?

ನೆಲ, ನೀರು, ದಾರಿ ಎಂದು ನೀವು ತಟ್ಟನೆ ಹೇಳಬಹುದು. ಆ ಉತ್ತರ ಸರಿಯೇ. ಆದರೆ ಅದು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ತಿಳಿಯಬೇಕಾದರೆ ನಮ್ಮ ನಾಡಿನ ಜೊತೆಗೆ ಇನ್ನೊಂದು ನಾಡನ್ನು ಇಟ್ಟು ನೋಡಬೇಕು. ಹೊಗೆಸೊಪ್ಪೇ ನಮಗೆ ಆ ನಾಡನ್ನು ತೋರಿಸಿಕೊಡುತ್ತದೆ.

ಈ ಗಿಡ ನಮ್ಮದಲ್ಲ, ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದು, ಘಟ್ಟ ಹತ್ತಿ ಆದಿಲಶಾಹಿಗಳ ವಿಜಾಪುರವನ್ನು ಸೇರಿತು. ಅಕ್ಬರ ಬಾದಶಹನ ದೂತನಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ಮೊದಲ ಬಾರಿಗೆ ಹೊಗೆಸೊಪ್ಪನ್ನು ಕಂಡು, 1604ರ ಸುಮಾರಿಗೆ ಅದನ್ನೂ ಒಂದು ಚೆಂದದ ಕೊಳವೆಯನ್ನೂ ಒಯ್ದು ದೊರೆಗೆ ಒಪ್ಪಿಸಿದನು. ರಾಜವೈದ್ಯನು ಬೇಡವೆಂದರೂ ಬಾದಶಹನು ಎರಡು ಮೂರು ಗುಟುಕು ಎಳೆದು ನೋಡಿದನಂತೆ. ರಾಯಬಾಗ, ಅಥಣಿಗಳು ಆಗ ವಿಜಾಪುರದ ಆಳ್ವಿಕೆಗೆ ಸೇರಿದ್ದ ಪೇಟೆಗಳು. ಇದಾದ ಮೂರೇ ವರ್ಷಕ್ಕೆ, 1607ರಲ್ಲಿ, ಇಂಗ್ಲಿಷರು ಅಮೆರಿಕದ ಪೂರ್ವ ತೀರದ ವರ್ಜೀನಿಯದಲ್ಲಿ ಜೇಮ್ಸ್‌ಟೌನ್ ಎಂಬ ಪುಟ್ಟ ಕೋಟೆಯನ್ನು ಕಟ್ಟಿದರು.

ಅವರು ಹೋದದ್ದು ಬಂಗಾರ ಹುಡುಕಲು. ಬಂಗಾರ ಸಿಗಲಿಲ್ಲ, ಜವುಗು ನೆಲ, ಕೆಟ್ಟ ನೀರು, ಹಸಿವು ಮತ್ತು ಬೇನೆಗಳು ಸಿಕ್ಕವು. ಬಂದವರಲ್ಲಿ ಬಹುಮಂದಿ ಮೊದಲ ಕೆಲವು ವರ್ಷಗಳಲ್ಲಿಯೇ ಸತ್ತರು. 1612ರ ಸುಮಾರಿಗೆ ಜಾನ್ ರಾಲ್ಫ್ ಎಂಬವನು ವೆಸ್ಟ್ ಇಂಡೀಸ್ ಕಡೆಯ ಸವಿಯಾದ ಹೊಗೆಸೊಪ್ಪಿನ ಬೀಜವನ್ನು ಅಲ್ಲಿ ಬಿತ್ತಿ ನೋಡಿದನು. ಬೆಳೆ ಹತ್ತಿತು, ಲಂಡನ್ನಿನಲ್ಲಿ ಬೆಲೆ ಬಂತು. ಆಮೇಲೆ ಆ ವಸಾಹತಿನ ಬದುಕೆಲ್ಲ ಆ ಎಲೆಯ ಸುತ್ತಲೇ ತಿರುಗಿತು. ನಾಣ್ಯದ ಅಭಾವವಿದ್ದುದರಿಂದ ತೆರಿಗೆಯನ್ನೂ ಪಾದ್ರಿಗಳ ಸಂಬಳವನ್ನೂ ಹೊಗೆಸೊಪ್ಪಿನಲ್ಲಿಯೇ ಕೊಡುವ ರೂಢಿಯಾಯಿತು.

ಈಗ ಆ ನಾಡಿನ ನದಿಗಳನ್ನು ನೋಡಿ. ಜೇಮ್ಸ್, ಯಾರ್ಕ್, ರಾಪಹಾನಕ್, ಪೊಟೊಮ್ಯಾಕ್ ನದಿಗಳು ಚೆಸಪೀಕ್ ಕೊಲ್ಲಿಗೆ ಬಂದು ಬೀಳುತ್ತವೆ. ಸಮುದ್ರದ ಉಬ್ಬರ ಅವುಗಳೊಳಗೆ ಬಹುದೂರ ನುಗ್ಗುವುದರಿಂದ ಸಾಗರ ದಾಟಿ ಬಂದ ಹಡಗು ನೇರವಾಗಿ ಒಕ್ಕಲಿಗನ ಹೊಲದ ಅಂಚಿಗೇ ಬಂದು ನಿಲ್ಲುತ್ತಿತ್ತು. ಹೊಗೆಸೊಪ್ಪು ತುಂಬಿದ ದೊಡ್ಡ ಪೀಪಾಯಿಗಳನ್ನು ಉರುಳಿಸಿ ತಂದು ಹಡಗಿಗೆ ಏರಿಸುವುದು. ಇಂಗ್ಲೆಂಡಿನ ಬಟ್ಟೆ, ಕಬ್ಬಿಣದ ಸಾಮಾನುಗಳನ್ನು ಅದೇ ಹಡಗಿನಿಂದ ಇಳಿಸಿಕೊಳ್ಳುವುದು. ಹೀಗಿರುವಾಗ ಪೇಟೆ ಯಾತಕ್ಕೆ? ನೂರು ವರ್ಷ ಕಳೆದರೂ ವರ್ಜೀನಿಯದಲ್ಲಿ ದೊಡ್ಡ ಊರು ಬೆಳೆಯಲಿಲ್ಲ. ಮೂರು ನಾಲ್ಕು ಬೆಳೆಗೆ ಹೊಲದ ಸಾರ ಇಳಿಯುತ್ತಿತ್ತು. ಒಕ್ಕಲಿಗನು ಅದನ್ನು ಬೀಳು ಬಿಟ್ಟು ಹೊಸ ಕಾಡು ಕಡಿಯುತ್ತಿದ್ದನು. ಮನೆಯಿಂದ ಮನೆ ದೂರವಾಯಿತು. ನೆರೆಯವರ ಮುಖ ಕಾಣಬೇಕಾದರೆ ವಾರದ ಪ್ರಾರ್ಥನೆಯೋ ಕೋರ್ಟಿನ ದಿನವೋ ಬರಬೇಕಿತ್ತು.

ಅದೇ ಇಂಗ್ಲಿಷರು 1620ರಲ್ಲಿ ಪ್ಲಿಮತ್ತಿನಲ್ಲಿ, 1630ರಲ್ಲಿ ಬಾಸ್ಟನ್ನಿನಲ್ಲಿ ನೆಲೆಸಿದಾಗ ಬೇರೊಂದು ಬಾಳು ಕಟ್ಟಿದರು. ಅದು ಉತ್ತರದ ನ್ಯೂ ಇಂಗ್ಲೆಂಡ್. ನೆಲ ಕಲ್ಲುನೆಲ, ಚಳಿಗಾಲ ದೀರ್ಘ. ಹೊಗೆಸೊಪ್ಪಿನಿಂದ ಸಿರಿವಂತರಾಗುವ ಮಾತೇ ಇಲ್ಲ. ಆದರೆ ಒಳ್ಳೆಯ ಬಂದರುಗಳು, ಹತ್ತಿರದಲ್ಲಿಯೇ ಕಾಡ್ ಮೀನಿನ ಸಮೃದ್ಧಿ, ಹಡಗಿಗೆ ಬೇಕಾದ ಮರ ಇದ್ದವು. ಜನರು ಮೀನುಗಾರರಾದರು, ಬಡಗಿಗಳಾದರು, ವರ್ತಕರಾದರು. ಧರ್ಮದ ಕಟ್ಟುಪಾಡೂ ಅವರನ್ನು ಒಟ್ಟಿಗೆ ಹಿಡಿದಿತ್ತು. ಪ್ರಾರ್ಥನಾಮಂದಿರದ ಸುತ್ತ ಮನೆಗಳು ಒತ್ತಾಗಿ ನಿಂತವು. ಮನೆಗಳು ಹತ್ತಿರವಿದ್ದುದರಿಂದ ಶಾಲೆ ನಡೆಸುವುದು ಸುಲಭವಾಯಿತು. 1647ರಲ್ಲಿ ಮ್ಯಾಸಚುಸೆಟ್ಸ್ ವಸಾಹತು ಐವತ್ತು ಮನೆಗಳುಳ್ಳ ಪ್ರತಿ ಊರೂ ಒಬ್ಬ ಉಪಾಧ್ಯಾಯನನ್ನು ಇಟ್ಟುಕೊಳ್ಳಬೇಕೆಂದು ಕಾಯಿದೆ ಮಾಡಿತು.

ಈ ಕಥೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಮ್ಮ ನಿಪ್ಪಾಣಿಗೆ ಮರಳೋಣ. ಇಲ್ಲಿಯೂ ನದಿಗಳಿವೆ. ಸಹ್ಯಾದ್ರಿಯ ಮಳೆಯನ್ನು ಹೊತ್ತು ವೇದಗಂಗೆ ಬಂದು ದೂಧಗಂಗೆಯನ್ನು ಕೂಡುತ್ತಾಳೆ. ದೂಧಗಂಗೆ ಕೃಷ್ಣೆಯನ್ನು ಕೂಡುತ್ತಾಳೆ. ಆದರೆ ಇವು ಹಡಗು ಬರುವ ನದಿಗಳಲ್ಲ. ಮಳೆಗಾಲದಲ್ಲಿ ದಂಡೆ ಮೀರುವ ನೀರು ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತದೆ. ಇಲ್ಲಿ ಸರಕು ಸಾಗಿಸಿದ್ದು ಎತ್ತಿನ ಬೆನ್ನು ಮತ್ತು ಗಾಡಿಯ ಗಾಲಿ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲೆ, ಕೊಲ್ಹಾಪುರಕ್ಕೂ ಕೊಂಕಣದ ಘಟ್ಟದ ದಾರಿಗಳಿಗೂ ಹತ್ತಿರವಾಗಿ ನಿಪ್ಪಾಣಿ ಕುಳಿತಿತು. ಸುತ್ತಣ ಎರೆಮಣ್ಣು ಬೀಡಿ ಹೊಗೆಸೊಪ್ಪಿಗೆ ಒಗ್ಗಿತು. ದಾರಿ ಅದನ್ನು ಪೇಟೆಗೆ ತಂದಿತು. ವರ್ಜೀನಿಯದಲ್ಲಿ ಯಾವ ಸೊಪ್ಪು ಪೇಟೆ ಬೆಳೆಯದಂತೆ ಮಾಡಿತೋ, ಅದೇ ಸೊಪ್ಪು ಇಲ್ಲಿ ಪೇಟೆಯನ್ನೇ ಕಟ್ಟಿತು. ಅಡತಿಯವರು, ದಲಾಲರು, ವಖಾರಿಗಳು ಎಲ್ಲರೂ ಒಂದೆಡೆ ಸೇರಿದರು.

ಆದರೂ ಒಕ್ಕಲಿಗನ ದುಡಿಮೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಮಡಿಯಲ್ಲಿ ಸಸಿ ಎಬ್ಬಿಸಬೇಕು, ಕಿತ್ತು ನಡಬೇಕು, ಹೂವಿನ ತುದಿ ಚಿವುಟಬೇಕು, ಪಕ್ಕದ ಕುಡಿಗಳನ್ನು ಮತ್ತೆ ಮತ್ತೆ ಮುರಿಯಬೇಕು. ನಮ್ಮಲ್ಲಿ ಮಳೆಯ ಕೊನೆಯ ಹೊತ್ತಿಗೆ ನೆಟ್ಟ ಗಿಡ ಎರೆಯಲ್ಲಿ ಉಳಿದ ಹಸಿಯಿಂದಲೇ ಬೆಳೆದು, ಸಂಕ್ರಾಂತಿಯ ಆಚೀಚೆ ಕೊಯ್ಲಿಗೆ ಬಂದು, ಬಿಸಿಲಿಗೆ ಒಣಗುತ್ತದೆ. ಗಿಡದ ಎಡೆಯಲ್ಲಿ ಬಗ್ಗಿದ ಬೆನ್ನಿಗೆ ದೇಶಭೇದವಿಲ್ಲ.

ಇನ್ನು ಕೃಷ್ಣೆಯ ದಂಡೆಗೆ ಬನ್ನಿ. ಇಲ್ಲಿ ನದಿ ದಾರಿಯಾಗಲಿಲ್ಲ, ನೀರಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಿರಜದಿಂದ ಬೆಳಗಾವಿಗೆ ಹಾಕಿದ ರೈಲುಹಾದಿ ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳ ಮೇಲೆ ಸಾಗಿತು. ನೀರು, ಮಣ್ಣು, ರೈಲು ಮೂರೂ ಕೂಡಿದ ಕಡೆ ಸಕ್ಕರೆ ಬಂತು. 1939ರಲ್ಲಿ ಉಗಾರದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಚಿಕ್ಕೋಡಿ ಸೀಮೆಯಲ್ಲಿ ರೈತರ ಸಹಕಾರಿ ಕಾರಖಾನೆಗಳೂ ಎದ್ದವು. ಕಬ್ಬು ಕಡಿಯುವ ಕಾಲವೇ ಅಲ್ಲಿಯ ಪಂಚಾಂಗವಾಯಿತು. ಮದುವೆ, ಸಾಲ, ಮಕ್ಕಳ ಶಾಲೆಯ ಖರ್ಚು ಎಲ್ಲ ಕಬ್ಬಿನ ಬಿಲ್ಲಿಗೆ ಕಾಯುತ್ತವೆ. ಆದರೆ ಕೊಡುವ ನದಿಯೇ ಕೇಳಲೂ ಬರುತ್ತಾಳೆ. 2019ರ ಆಗಸ್ಟಿನ ಮಹಾಪೂರದಲ್ಲಿ ದಂಡೆಯ ಊರುಗಳು ಮನೆಮಾರು ಬಿಟ್ಟು ದನಕರುಗಳೊಡನೆ ಎತ್ತರದ ಜಾಗಗಳಿಗೆ ಏರಬೇಕಾಯಿತು.

ಅಥಣಿಯ ಪೂರ್ವಭಾಗಕ್ಕೆ ಈ ನೀರಿನ ಭಾಗ್ಯ ಕಡಿಮೆ. ಸಹ್ಯಾದ್ರಿಯನ್ನು ದಾಟಿ ಬರುವ ಮೋಡಗಳು ಅಲ್ಲಿಗೆ ತಲಪುವಷ್ಟರಲ್ಲಿ ಬರಿದಾಗಿರುತ್ತವೆ. ಹಿಂಗಾರಿ ಮಳೆ ನಂಬಿ ಬಿಳಿಜೋಳ, ಕಡಲೆ ಬಿತ್ತುವ ನಾಡು ಅದು. ಬೆಳೆ ಕೈಕೊಟ್ಟರೂ ದನ, ಕುರಿ ಕೈಬಿಡಬಾರದು. ಆದುದರಿಂದ ಅಲ್ಲಿಯ ಬದುಕಿನಲ್ಲಿ ಪಶುವಿಗೆ ದೊಡ್ಡ ಸ್ಥಾನ. ರಾಯಬಾಗ ಸೀಮೆಯ ಚಿಂಚಲಿ ಮಾಯಕ್ಕನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬರುವ ಜನಸಾಗರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೊಗಲಿದ್ದ ಕಡೆ ತೊಗಲಿನ ಕಸುಬು ಬೆಳೆಯಿತು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ಚರ್ಮವನ್ನು ಗಂಡಸರು ಕೊಯ್ದು ಬಡಿದು ರೂಪಿಸಿದರೆ, ಹೆಂಗಸರು ನವುರಾದ ಹೆಣಿಗೆಯನ್ನು ಹೆಣೆಯುತ್ತಾರೆ. ಪೇಟೆಯಲ್ಲಿ ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಗಳಲ್ಲಿ ಎಷ್ಟೋ ಜೋಡಿ ಅಥಣಿ, ನಿಪ್ಪಾಣಿ ಕಡೆಯ ಕೈಗಳಲ್ಲಿ ಹುಟ್ಟಿದವು. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರೂ ದಾಖಲಾಯಿತು.

ಇಷ್ಟು ಕೇಳಿದ ಮೇಲೆ, ಮನುಷ್ಯನ ಹಣೆಬರಹವನ್ನು ಭೂಮಿಯೇ ಬರೆಯುತ್ತದೆ ಎಂದು ನಿಮಗೆ ತೋರಬಹುದು. ಇಲ್ಲಿ ಸ್ವಲ್ಪ ನಿಲ್ಲಬೇಕು. ವರ್ಜೀನಿಯದಲ್ಲಿ ನೆಲ ಬೇಕಾದಷ್ಟಿತ್ತು. ಅದು ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲ. ದುಡಿಯುವ ಕೈಗಳು ಸಾಲದಾದವು. ಮೊದಲು ಇಂಗ್ಲೆಂಡಿನ ಬಡವರನ್ನು ಹಲವು ವರ್ಷಗಳ ಕರಾರಿನ ಜೀತಕ್ಕೆ ತಂದರು. 1619ರಲ್ಲಿ ಸೆರೆಹಿಡಿದ ಆಫ್ರಿಕನ್ನರನ್ನು ಹೊತ್ತ ಹಡಗು ಬಂತು. 1705ರ ವರ್ಜೀನಿಯದ ಕಾನೂನು ಅಂಥವರನ್ನು ಸ್ಥಿರಾಸ್ತಿಯ ಲೆಕ್ಕಕ್ಕೆ ಸೇರಿಸಿತು. ಹೊಗೆಸೊಪ್ಪಿಗೆ ಕೈ ಬೇಕೆಂದು ಹೇಳಿದ್ದು ನೆಲ. ಆ ಕೈಗಳಿಗೆ ಸಂಕಲೆ ಹಾಕಿದ್ದು ನೆಲವಲ್ಲ, ಮನುಷ್ಯರು.

ನಿಪ್ಪಾಣಿಯ ಸಂಗತಿ ಇದರ ತಿರುವುಮುರುವು. ಇಲ್ಲಿ ಹಿಡುವಳಿ ಸಣ್ಣದು, ಕೈಗಳು ಬೇಕಾದಷ್ಟು. ಆದುದರಿಂದ ಕೂಲಿ ಅಗ್ಗವಾಯಿತು. ವಖಾರಿಗಳಲ್ಲಿ ಸೊಪ್ಪನ್ನು ಬಡಿದು ಜರಡಿ ಹಿಡಿಯುವ ಹೆಂಗಸರು ಕಣ್ಣು, ಗಂಟಲಿಗೆ ನುಗ್ಗುವ ಘಾಟಿನಲ್ಲಿ ದಿನವಿಡೀ ದುಡಿದರು. ಅವರು ಕೂಡಿಕೊಂಡು ಸಂಘ ಕಟ್ಟಿ ನ್ಯಾಯ ಕೇಳಿದ್ದನ್ನು 1982ರ ಒಂದು ಸಾಕ್ಷ್ಯಚಿತ್ರ ದಾಖಲಿಸಿದೆ. 1981ರಲ್ಲಿ ಬೆಳೆದವರೂ ಎದ್ದರು. ಸೊಪ್ಪಿಗೆ ಸರಿಯಾದ ಬೆಲೆ ಬೇಕೆಂದು ಶರದ್ ಜೋಶಿಯವರ ನೇತೃತ್ವದಲ್ಲಿ ಸಾವಿರಾರು ರೈತರು ಹೆದ್ದಾರಿಯ ಮೇಲೆಯೇ ಕುಳಿತರು. ಏಪ್ರಿಲ್ 6ರಂದು ಪೋಲೀಸರ ಗೋಲೀಬಾರಿನಲ್ಲಿ ಹಲವರು ಪ್ರಾಣ ತೆತ್ತರು. ಯಾವ ದಾರಿ ಊರಿಗೆ ಸಿರಿಯನ್ನು ತಂದಿತೋ ಅದೇ ದಾರಿಯ ಮೇಲೆ ಆ ಸಿರಿಯಲ್ಲಿ ಪಾಲು ಕೇಳಿದವರ ರಕ್ತ ಬಿತ್ತು.

ಓದುಗರೇ, ಎಲ್ಲಿ ಏನು ಬೆಳೆಯುತ್ತದೆ ಎಂಬುದನ್ನು ಮಳೆ ಮತ್ತು ಮಣ್ಣು ಹೇಳುತ್ತವೆ. ಬೆಳೆದುದು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು ನದಿ, ಗುಡ್ಡಗಳು ಹೇಳುತ್ತವೆ. ಆದರೆ ಬೆಳೆದವನ ಮನೆಗೆ, ಬಡಿದವಳ ಉಡಿಗೆ, ಹೊಲಿದವನ ಕೈಗೆ ಎಷ್ಟು ಬರಬೇಕು ಎಂಬುದನ್ನು ಅವು ಹೇಳುವುದಿಲ್ಲ. ಆ ಲೆಕ್ಕವನ್ನು ಬರೆಯುವವರು ನಾವೇ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಹೊಲವನ್ನು ನೋಡಿರಿ. ಹೊಲದಲ್ಲಿ ಬಗ್ಗಿದವರನ್ನೂ ನೋಡಿರಿ.