ಕಡಲಿಗಿರುವ ಗೆರೆ ಕಾವಲಿಗಿಲ್ಲ

ರಾಕೆಟ್, ಕ್ಷಿಪಣಿಗಳ ಪರೀಕ್ಷಾ ನೆಲೆಗಳು ಸಾಮಾನ್ಯವಾಗಿ ಕಡಲ ದಂಡೆಯಲ್ಲಿರುತ್ತವೆ. ಒಡಿಶಾದ ಚಾಂದೀಪುರ, ಆಂಧ್ರದ ಶ್ರೀಹರಿಕೋಟಾ ಇದಕ್ಕೆ ನಿದರ್ಶನ. ಹಾರಿಸಿದ್ದು ಕೆಟ್ಟರೆ ನೀರಿಗೆ ಬೀಳಲಿ, ಊರ ಮೇಲೆ ಬೀಳದಿರಲಿ ಎಂಬುದು ಇದರ ಹಿಂದಿನ ಲೆಕ್ಕ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಕಡಲಿಲ್ಲ. ಮಾನವರಹಿತ ವಿಮಾನಗಳ ಪರೀಕ್ಷೆಗೆ ಅಲ್ಲಿ ಆರಿಸಿಕೊಂಡದ್ದು ಹುಲ್ಲಿನ ಬಯಲನ್ನು. ಅದೇ ವರವು ಕಾವಲ್.

ಆ ಬಯಲು ಖಾಲಿ ಬಿದ್ದಿರಲಿಲ್ಲ. ಕಾವಲೆಂದರೆ ದನಗಳ ಮೇವಿಗೆ ಕಾದಿರಿಸಿದ ನೆಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪು ಅದನ್ನು ‘ಅಮೃತ ಮಹಲ್’ ಎಂದು ಕರೆದ. ಇಲ್ಲಿನ ಎತ್ತುಗಳು ದಂಡಿನ ಫಿರಂಗಿ, ಸರಂಜಾಮು ಎಳೆಯುತ್ತಿದ್ದವು. 1799ರ ನಂತರ ಇಂಗ್ಲಿಷರೂ ಈ ಮಂದೆಗಳನ್ನು ವಹಿಸಿಕೊಂಡರು. ಕಾವಲುಗಳು ಬೆಳೆದದ್ದೇ ಸೈನ್ಯದ ಅಗತ್ಯಕ್ಕೆ. ಆದರೆ ಅಂದು ಸೈನ್ಯಕ್ಕೆ ಬೇಕಿದ್ದುದು ಹುಲ್ಲು, ಇಂದು ಬೇಕಾದುದು ನೆಲ.

ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಸೀಮೆಯಿದು. ಕುರಿಗಾರರಿಗೂ ಮ್ಯಾಸನಾಯಕರ ದೇವರ ಎತ್ತುಗಳಿಗೂ ಕಾವಲೇ ಆಸರೆ. ಕೃಷ್ಣಮೃಗಗಳಿಗೂ ಅದೇ ನೆಲೆ. 2007ರಿಂದ 2010ರ ನಡುವೆ ಈ ತಾಲ್ಲೂಕಿನ ಸುಮಾರು 10 ಸಾವಿರ ಎಕರೆ ಕಾವಲು ಹಲವು ಸಂಸ್ಥೆಗಳ ಪಾಲಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಸಿಕ್ಕಿದ್ದು 4,290 ಎಕರೆ. ಗೋಡೆ, ಬೇಲಿಗಳು ಎದ್ದಾಗ ಹಟ್ಟಿಗಳ ಜನ ಪ್ರತಿಭಟಿಸಿದರು. 2013ರಲ್ಲಿ ವಿವಾದವು ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಯಿತು. ಮಂಡಳಿ ಸತ್ಯಶೋಧನಾ ಸಮಿತಿಯನ್ನು ಕಳುಹಿಸಿತಾದರೂ 2014ರ ತೀರ್ಪು ಯೋಜನೆಗಳನ್ನು ರದ್ದು ಮಾಡಲಿಲ್ಲ. 2017ರ ಮೇ ತಿಂಗಳಲ್ಲಿ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟ ಇಸ್ರೋದ ಮರುಬಳಕೆ ವಾಹನವು ತಾನೇ ದಾರಿ ಹುಡುಕಿಕೊಂಡು ಇಲ್ಲಿನ ಓಡುದಾರಿಗೆ ಇಳಿಯಿತು. ವಿಜ್ಞಾನದ ಈ ಸಾಧನೆ ಸಣ್ಣದಲ್ಲ.

ಪ್ರಶ್ನೆ ಇರುವುದು ನಿಯಮದಲ್ಲಿ. ಇದೇ ರಾಜ್ಯದ ಕರಾವಳಿಯಲ್ಲಿ ಬಂದರು ಕಟ್ಟುವವರು ಕಡಲಿಗೆಂದೇ ಇರುವ ಕಟ್ಟಳೆಗೆ ಉತ್ತರ ಕೊಡಬೇಕು. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ನೆಲವನ್ನು ನಿಯಂತ್ರಣಕ್ಕೆ ಒಳಪಡಿಸಿತು. ಕಾರವಾರ ಬಂದರಿನ ವಿಸ್ತರಣೆಯನ್ನು ಮೀನುಗಾರರು ವಿರೋಧಿಸಿದಾಗ, 2020ರ ಜನವರಿಯಲ್ಲಿ ಹೈಕೋರ್ಟ್ ಕಾಮಗಾರಿಗೆ ತಡೆ ನೀಡಿತು. ಹುಲ್ಲುಗಾವಲಿಗೆ ಅಂಥ ಪ್ರತ್ಯೇಕ ಅಧಿಸೂಚನೆ ಇಲ್ಲ. ಮರವಿಲ್ಲದ ಬಯಲನ್ನು ಸರ್ಕಾರಿ ನಕ್ಷೆಗಳು ಎಷ್ಟೋ ಕಡೆ ಬಂಜರೆಂದೇ ಗುರುತಿಸಿವೆ. ಬಂಜರೆಂದು ಬರೆದ ಮೇಲೆ ಅಲ್ಲಿ ಮೇಯುವ ಕುರಿ ಲೆಕ್ಕಕ್ಕೆ ಬರುವುದಿಲ್ಲ.

ವರವು ಕಾವಲಿನ ಓಡುದಾರಿ ಇನ್ನು ಹುಲ್ಲಾಗದು. ಉಳಿದ ಕಾವಲುಗಳನ್ನಾದರೂ ಹಂಚುವ ಮೊದಲು ದನ ನಡೆಯುವ ದಾರಿ, ನೀರಿನ ಕಟ್ಟೆ, ಕುರಿ ರೊಪ್ಪಗಳನ್ನು ನಕ್ಷೆಯಲ್ಲಿ ಗುರುತಿಸಿ, ಮೇಯಿಸುವವರ ಮಾತು ಕೇಳುವ ನಿಯಮ ಬೇಕಾಗಿದೆ.