ಮುರಿದ ಆಯಸ್ಕಾಂತದ ಕಥೆ: ಆರನೇ ಕ್ಲಾಸಿನ ಒಂದು ಪ್ರಶ್ನೆ, 650 ವರ್ಷದ ಉತ್ತರ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ಹಾಗಿದ್ರೆ ಈಗ ನಿಮ್ಮ ಕಿವಿಯಲ್ಲೇ ಪುಟ್ಟ ಆಯಸ್ಕಾಂತ ಇರೋ ಸಾಧ್ಯತೆ ಹೆಚ್ಚು. ಫೋನಿನ ಸ್ಪೀಕರ್‌ನಲ್ಲೂ ಒಂದಿದೆ. ನಮಗೆ ಇಷ್ಟು ಹತ್ತಿರದ ವಸ್ತು ಇದು. ಆದ್ರೆ ಆರನೇ ಕ್ಲಾಸಿನ ಮಗು ಎದ್ದು ನಿಂತು, "ಸರ್, ಆಯಸ್ಕಾಂತವನ್ನ ಮಧ್ಯಕ್ಕೆ ಮುರಿದ್ರೆ ಉತ್ತರ ಧ್ರುವ ಒಂದು ಕಡೆ, ದಕ್ಷಿಣ ಧ್ರುವ ಇನ್ನೊಂದು ಕಡೆ ಹೋಗುತ್ತಾ?" ಅಂತ ಕೇಳಿದ್ರೆ ಏನು ಹೇಳ್ತೀರಿ?

"ಇಲ್ಲಪ್ಪ, ಎರಡೂ ತುಂಡಲ್ಲಿ ಎರಡೂ ಧ್ರುವ ಇರುತ್ತೆ, ಬರ್ಕೋ." ಸಾಮಾನ್ಯವಾಗಿ ಸಿಗೋ ಉತ್ತರ ಇದೇ. ಉತ್ತರ ಸರಿ, ಪರೀಕ್ಷೆಯಲ್ಲಿ ಅಂಕವೂ ಬರುತ್ತೆ. ಆದ್ರೆ "ಯಾಕೆ" ಅನ್ನೋ ಪ್ರಶ್ನೆ ಅಲ್ಲೇ ಸಾಯುತ್ತೆ. ವಿಜ್ಞಾನ ಅಂದ್ರೆ ಬಾಯಿಪಾಠ ಅಂತ ಮಗು ತೀರ್ಮಾನ ಮಾಡೋದು ಇಂಥ ಹೊತ್ತಲ್ಲೇ. ನೀವು ಬಿ.ಎಡ್. ಓದ್ತಿರಬಹುದು, ಅತಿಥಿ ಶಿಕ್ಷಕರಾಗಿರಬಹುದು, ತಮ್ಮನಿಗೆ ಹೋಂವರ್ಕ್ ಹೇಳಿಕೊಡ್ತಿರಬಹುದು. ಆ "ಯಾಕೆ"ಯನ್ನ ಉಳಿಸೋಕೆ ಇತಿಹಾಸ ಒಳ್ಳೆಯ ದಾರಿ ತೋರಿಸುತ್ತೆ.

ಹೋಗೋಣ, 1269ಕ್ಕೆ. ಇಟಲಿಯ ಲುಚೇರಾ ಪಟ್ಟಣಕ್ಕೆ ಸೈನ್ಯ ಮುತ್ತಿಗೆ ಹಾಕಿದೆ. ಆ ಶಿಬಿರದಲ್ಲಿದ್ದ ಫ್ರಾನ್ಸಿನ ಪೀಟರ್ ಪೆರೆಗ್ರಿನಸ್ ಆಗಸ್ಟ್ 8ರಂದು ಗೆಳೆಯನಿಗೊಂದು ದೀರ್ಘ ಪತ್ರ ಬರೀತಾನೆ. ವಿಷಯ ಯುದ್ಧ ಅಲ್ಲ, ಸೂಜಿಗಲ್ಲು, ಅಂದ್ರೆ ನೈಸರ್ಗಿಕವಾಗಿ ಸಿಗೋ ಆಯಸ್ಕಾಂತ. ಅದನ್ನ ಗುಂಡಗೆ ಉಜ್ಜಿ, ಮೇಲೆ ಸೂಜಿ ಇಟ್ಟು, ಸೂಜಿ ನಿಂತ ದಿಕ್ಕಿಗೆ ಗೆರೆ ಎಳೆದ. ಗೆರೆಗಳೆಲ್ಲ ಎರಡು ಬಿಂದುಗಳಲ್ಲಿ ಕೂಡಿದವು. ಅವಕ್ಕೆ "ಧ್ರುವ" ಅಂತ ಹೆಸರಿಟ್ಟ. ಆಮೇಲೆ ನಮ್ಮ ಆರನೇ ಕ್ಲಾಸಿನ ಮಗುವಿನ ಪ್ರಶ್ನೆಯನ್ನೇ ಕೇಳ್ಕೊಂಡ. ಕಲ್ಲನ್ನ ತುಂಡು ಮಾಡಿ ನೋಡಿದ್ರೆ ಒಂದೊಂದು ತುಂಡಿನಲ್ಲೂ ಎರಡೆರಡು ಧ್ರುವ! ಏನಾಗುತ್ತೆ ಅನ್ನೋದು ಅವತ್ತೇ ಗೊತ್ತಾಯ್ತು. ಯಾಕೆ ಅನ್ನೋದು ಗೊತ್ತಾಗಲಿಲ್ಲ.

ಮುಂದಿನ ದೊಡ್ಡ ಹೆಜ್ಜೆ ಇಟ್ಟವನು ಲಂಡನ್ನಿನ ವೈದ್ಯ ವಿಲಿಯಂ ಗಿಲ್ಬರ್ಟ್. ಬೆಳ್ಳುಳ್ಳಿ ಸವರಿದ್ರೆ ಆಯಸ್ಕಾಂತದ ಶಕ್ತಿ ಹೋಗುತ್ತೆ ಅಂತ ಜನ ಶತಮಾನಗಳ ಕಾಲ ನಂಬಿದ್ದರು. ಅದು ಸುಳ್ಳು ಅಂತ ಗಿಲ್ಬರ್ಟ್ 1600ರ ತನ್ನ ಪುಸ್ತಕದಲ್ಲಿ ಬರೆದ. ಸೂಜಿಗಲ್ಲಿನ ಗೋಳ ಮಾಡಿ, ಅದರ ಮೇಲೆ ಸಣ್ಣ ಸೂಜಿಯನ್ನ ಓಡಾಡಿಸಿ, ಭೂಮಿಯೇ ಒಂದು ದೊಡ್ಡ ಆಯಸ್ಕಾಂತ ಅಂತ ವಾದಿಸಿದ. ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿದ್ರೆ ಆಯಸ್ಕಾಂತ ತನ್ನ ಗುಣ ಕಳ್ಕೊಳ್ಳುತ್ತೆ ಅನ್ನೋದನ್ನೂ ದಾಖಲಿಸಿದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಉತ್ತರದ ಮೊದಲ ಎಳೆ ಸಿಕ್ಕಿದ್ದು 1820ರಲ್ಲಿ, ಕೋಪನ್‌ಹೇಗನ್‌ನಲ್ಲಿ. ತಂತಿಯಲ್ಲಿ ವಿದ್ಯುತ್ ಹರಿಸಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ಅಲುಗಾಡಿದ್ದನ್ನ ಹಾನ್ಸ್ ಕ್ರಿಶ್ಚಿಯನ್ ಅರ್‌ಸ್ಟೆಡ್ ಗಮನಿಸಿದ. ಇದು ಬರೀ ಲ್ಯಾಬಿನ ಮಾತಲ್ಲ. ಮುಂಬೈನ ಕೊಲಾಬಾದಲ್ಲಿ ಭೂಮಿಯ ಕಾಂತತ್ವ ಅಳೆಯೋ ವೀಕ್ಷಣಾಲಯ ಇತ್ತು. ಊರಿನ ಟ್ರಾಮ್‌ಗಳನ್ನ ವಿದ್ಯುತ್ತಿನಿಂದ ಓಡಿಸೋ ಯೋಜನೆ ಬಂದಾಗ, ಆ ವಿದ್ಯುತ್ತಿನಿಂದ ಅಳತೆ ಕೆಡುತ್ತೆ ಅಂತ 1904ರಲ್ಲಿ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯ ಶುರು ಮಾಡಿದರು. ಅರ್‌ಸ್ಟೆಡ್ ಕಂಡಿದ್ದೇ ಅಲ್ಲೂ ಕಾಡಿತ್ತು.

ಅರ್‌ಸ್ಟೆಡ್ ಸುದ್ದಿ ಪ್ಯಾರಿಸ್ ತಲುಪಿದ ಮೇಲೆ ಆಂಪೇರ್ ಒಂದು ಊಹೆ ಮುಂದಿಟ್ಟ: ಆಯಸ್ಕಾಂತದ ಒಂದೊಂದು ಕಣದಲ್ಲೂ ಪುಟ್ಟ ವಿದ್ಯುತ್ ಸುತ್ತು ಇದೆ. ಅಂದ್ರೆ ಒಂದೊಂದು ಕಣವೂ ಒಂದು ಆಯಸ್ಕಾಂತ! ಕಣಗಳೇ ಆಯಸ್ಕಾಂತ ಆದ ಮೇಲೆ ಎಷ್ಟು ಮುರಿದರೂ ಎರಡು ಧ್ರುವ ಇರಲೇಬೇಕಲ್ವಾ? 1907ರಲ್ಲಿ ಪಿಯರ್ ವೈಸ್ ಇನ್ನೊಂದು ಮಾತು ಸೇರಿಸಿದ: ಕಬ್ಬಿಣದೊಳಗೆ ಈ ಪುಟ್ಟ ಆಯಸ್ಕಾಂತಗಳು ಗುಂಪು ಗುಂಪಾಗಿರ್ತವೆ. ಮಾಮೂಲಿ ಮೊಳೆಯಲ್ಲಿ ಗುಂಪುಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಒಂದರ ಪ್ರಭಾವವನ್ನ ಇನ್ನೊಂದು ಅಳಿಸಿಹಾಕ್ತವೆ. ಆಯಸ್ಕಾಂತದಲ್ಲಿ ಬಹುಪಾಲು ಒಂದೇ ಕಡೆ ನೋಡ್ತವೆ. ಕಬ್ಬಿಣವನ್ನ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿಸಿದ್ರೆ ಶಾಖಕ್ಕೆ ಆ ಶಿಸ್ತೇ ಒಡೆಯುತ್ತೆ. ಗಿಲ್ಬರ್ಟ್ ಕಂಡಿದ್ದು ಇಂಥದ್ದನ್ನೇ. 1925ರಲ್ಲಿ ಎಲೆಕ್ಟ್ರಾನಿನ "ಸ್ಪಿನ್" ಅನ್ನೋ ಗುಣದ ಪ್ರಸ್ತಾಪ ಬಂತು. ಕಬ್ಬಿಣದ ಆಯಸ್ಕಾಂತ ಗುಣ ಬರೋದು ಮುಖ್ಯವಾಗಿ ಅದರಿಂದ.

ಈಗ ಕ್ಲಾಸಿಗೆ ಬರೋಣ. ಎಲೆಕ್ಟ್ರಾನಿನಿಂದ ಪಾಠ ಶುರು ಮಾಡಬೇಡಿ. ಇತಿಹಾಸ ನಡೆದ ಕ್ರಮದಲ್ಲೇ ಹೋಗಿ. ಹೊಲಿಗೆ ಸೂಜಿಯನ್ನ ಆಯಸ್ಕಾಂತದಿಂದ ಒಂದೇ ದಿಕ್ಕಿಗೆ ಮೂವತ್ತು ನಲವತ್ತು ಸಲ ಉಜ್ಜಿ. ತೆಳು ಎಲೆಯ ಮೇಲಿಟ್ಟು ನೀರಲ್ಲಿ ತೇಲಿಬಿಡಿ, ಸೂಜಿ ಉತ್ತರ-ದಕ್ಷಿಣಕ್ಕೆ ತಿರುಗುತ್ತೆ. ಮುರಿದ್ರೆ ಏನಾಗುತ್ತೆ ಅಂತ ಮೊದಲು ಮಕ್ಕಳ ಊಹೆ ಕೇಳಿ, ಬೋರ್ಡ್ ಮೇಲೆ ಬರೀರಿ. ಆಮೇಲೆ ಸೂಜಿಯನ್ನ ದಪ್ಪ ಬಟ್ಟೆಯಲ್ಲಿ ಸುತ್ತಿ, ಕಟಿಂಗ್ ಪ್ಲೇಯರ್‌ನಿಂದ ನೀವೇ ಮುರಿಯಿರಿ. ಮಕ್ಕಳ ಕೈಗೆ ಕೊಡಬೇಡಿ, ಚೂರು ಕಣ್ಣಿಗೆ ಹಾರಬಹುದು. ಎರಡೂ ತುಂಡನ್ನ ತೇಲಿಬಿಟ್ಟು ನೋಡಿ.

"ಯಾಕೆ" ಅಂತ ಕೇಳಿದಾಗ ಮಕ್ಕಳನ್ನ ಪ್ರಾರ್ಥನೆಯ ಸಾಲಿನ ಹಾಗೆ ನಿಲ್ಲಿಸಿ. ಎಲ್ಲರ ಮುಖವೂ ಒಂದೇ ಕಡೆ. ಒಂದು ತುದಿಯಲ್ಲಿ ಮುಖ, ಇನ್ನೊಂದು ತುದಿಯಲ್ಲಿ ಬೆನ್ನು. ಸಾಲನ್ನ ಮಧ್ಯಕ್ಕೆ ಕತ್ತರಿಸಿ. ಎರಡು ಸಾಲಾಯ್ತು, ಎರಡಕ್ಕೂ ಒಂದೊಂದು ಮುಖದ ತುದಿ, ಒಂದೊಂದು ಬೆನ್ನಿನ ತುದಿ. ಬೆನ್ನಿಲ್ಲದ ಸಾಲು ಮಾಡೋಕೆ ಆಗುತ್ತಾ? ಇಲ್ಲ, ಯಾಕಂದ್ರೆ ಪ್ರತಿ ಮಗುವಿಗೂ ಎರಡೂ ಇದೆ. ಈಗ ಬೆಲ್ ಹೊಡೀರಿ. ಮಕ್ಕಳು ದಿಕ್ಕಾಪಾಲಾಗಿ ಓಡ್ತಾರಲ್ಲ, ಅದೇ ಕಾಯಿಸಿದ ಆಯಸ್ಕಾಂತ.

"ಪ್ರತಿ ಕಣಕ್ಕೂ ಆ ಗುಣ ಎಲ್ಲಿಂದ ಬಂತು?" ಅಂತ ಒಂದು ಮಗುವಾದ್ರೂ ಕೇಳುತ್ತೆ. ಆಗ ಗದರಿಸಬೇಡಿ, ಅರ್ಧಂಬರ್ಧ ಉತ್ತರವನ್ನೂ ಕಟ್ಟಬೇಡಿ. "ಇದೇ ಪ್ರಶ್ನೆ ಹಿಡ್ಕೊಂಡು ದೊಡ್ಡ ದೊಡ್ಡ ವಿಜ್ಞಾನಿಗಳು ನೂರಾರು ವರ್ಷ ತಲೆ ಕೆಡಿಸ್ಕೊಂಡಿದ್ರು, ನೀನೂ ಅದನ್ನೇ ಕೇಳ್ತಿದ್ದೀಯ" ಅನ್ನಿ. ಅದು ಹೊಗಳಿಕೆ ಅಲ್ಲ, ನಿಜ.